ಸೀರಿಯಲ್‌ನ ಅತ್ತೆಯ ಕೊನೆಯ ಮಾತು

ಬನಹಟ್ಟಿಯ ದಾನೇಶ್ವರಿ ಒಂದು ಟೀವಿ ಸೀರಿಯಲ್‌ಗೆ ಸಂಭಾಷಣೆ ಬರೆಯುತ್ತಾಳೆ. ಅದರಲ್ಲಿನ ಅತ್ತೆಯ ಮಾತನ್ನೆಲ್ಲ ಮನೆಯ ಅತ್ತೆ ನೀಲವ್ವನ ಬಾಯಿಂದ ಹೊರಡಿಸಿಯೇ ಬರೆಯುವುದು ಅವಳ ರೂಢಿ. ಇವತ್ತು ಸೀರಿಯಲ್‌ನ ಆ ಅತ್ತೆ ಸಾಯಬೇಕು. ಹನ್ನೆರಡರೊಳಗೆ ದೃಶ್ಯ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ನಿರ್ದೇಶಕರು ಹೇಳಿಯಾಗಿತ್ತು. ಈಗ ಹನ್ನೊಂದೂ ಮುಕ್ಕಾಲು.

"ಅತ್ತಿ, ಸಾಯೂಮುಂದ ಏನಂತೀರಿ, ಹೇಳ್ರೀ!"

"ನನ್ನ ಸಾಯಿಸಾಕ ನನ್ನನ್ನ ಕೇಳ್ತಿಯೇನ ಬೇ?"

"ನೀವಲ್ರೀ, ಟೀವಿಯಾಕಿ!"

"ಮಾತು ನಂದ ಅಲ್ಲೇನ?"

ಫೋನು ಮತ್ತೆ ಬಡಿದುಕೊಂಡಿತು. ನೀಲವ್ವ ಗೋಡೆಯತ್ತ ಹೊರಳಿದಳು. "ಉದ್ದನ್ನ ಭಾಷಣ ಬ್ಯಾಡ. 'ಒಲಿ ಮ್ಯಾಲ ಹಾಲೈತಿ, ಉಕ್ಕೀತು ನೋಡ' ಅನ್ನಲಿ, ಸಾಕು."

ಮೂರು ಪುಟ ಕೇಳಿದ್ದ ನಿರ್ದೇಶಕರಿಗೆ ಒಂದೇ ಸಾಲು ಹೋಯಿತು. ಹನ್ನೆರಡಕ್ಕೆ ಉತ್ತರ ಬಂತು: "ಸೆಟ್ಟಿನಲ್ಲಿ ಎಲ್ಲರೂ ಅಳ್ತಿದಾರೆ. ಶೂಟ್ ಮಾಡ್ತಿದೀವಿ."

ದಾನೇಶ್ವರಿ ಉಸಿರು ಬಿಟ್ಟಳು. ನೀಲವ್ವ ಕೇಳಿದಳು, "ಹಂಗಾರ ನಾಳಿಂದ ನನ್ನ ಮಾತು ಯಾರಿಗೂ ಬ್ಯಾಡೇನ ಬೇ?"