ಮಕ್ತುಂ ಸರ್ ಖಾಲಿ ಬಿಟ್ಟ ತಾರೀಖು

ಗೊತ್ತಿಲ್ಲ ಎಂಬ ಮಾತನ್ನು ಮಕ್ತುಂ ಸರ್ ಅವರಷ್ಟು ಸಂತೋಷದಿಂದ ಹೇಳುವವರನ್ನು ನಾನು ಬೇರೆ ಕಂಡಿಲ್ಲ. ಅವರ ಬಗ್ಗೆ ಬರೆಯಲು ಕೂತಾಗ ನನಗೂ ಅದೇ ಮಾತಿನಿಂದ ಶುರು ಮಾಡಬೇಕೆನಿಸುತ್ತದೆ. ಇಲ್ಲಿನ ಕೆಲವು ವಿವರ ತಪ್ಪಿರಬಹುದು. ಅವರು ಕನ್ನಡಕವನ್ನು ಹಣೆಗೇರಿಸಿ ಮರೆತು ಹುಡುಕುತ್ತಿದ್ದರೆಂದು ನೆನಪಿದೆ, ಆದರೆ ಅದು ನನ್ನ ಅಪ್ಪನ ಅಭ್ಯಾಸವೂ ಹೌದು. ಒಬ್ಬರದನ್ನು ಇನ್ನೊಬ್ಬರಿಗೆ ತೊಡಿಸಿದ್ದೇನೋ ಏನೋ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದರಲ್ಲಂತೂ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಹಾಗೆ ನಂಬಿದ್ದರಿಂದ ಏನಾಯಿತೆಂಬುದನ್ನೂ ಇಲ್ಲೇ ಬರೆಯಬೇಕಾಗಿದೆ.

ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿಯ ಮೇಲೆ ಅವರದೊಂದು ಕೋಣೆ. ಸಣ್ಣ ದವಾಖಾನೆಗಳಿಗೆ, ಅಂಗಡಿಗಳಿಗೆ, ಸಂಘಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದರು. ಕೀಬೋರ್ಡಿನ ಸಂದಿಯಲ್ಲೆಲ್ಲ ಜೋಳದ ಹಿಟ್ಟು. ಅದನ್ನು ಅವರು ಇಳಕಲ್ ಸೀರೆಯ ಹಳೆಯ ಸೆರಗಿನ ತುಂಡಿನಿಂದ ಒರೆಸುತ್ತಿದ್ದರು. ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು ಹುನಗುಂದದಿಂದ ದಿನವೂ ಬಸ್ಸಿನಲ್ಲಿ ಬಂದು ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ.

ಅವರೊಡನೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದೇ ಒಂದು ತಮಾಷೆ. ಯಾರಾದರೂ ಅಪರಿಚಿತರು ಬಂದು "ಹುನಗುಂದ ಬಸ್ ಎಷ್ಟೊತ್ತಿಗ್ರಿ?" ಎಂದರೆ ಅಲ್ಲಿದ್ದವರೆಲ್ಲ ಒಂದೊಂದು ಹೊತ್ತು ಹೇಳುವರು. "ಈಗ ಬರ್ತೈತಿ ನೋಡ್ರಿ" ಎನ್ನುವರೊಬ್ಬರು, "ಈಗ ಹೋತಲ್ರಿ" ಎನ್ನುವರು ಇನ್ನೊಬ್ಬರು. ಸರ್ ಮಾತ್ರ ಮುಖವರಳಿಸಿ, "ಗೊತ್ತಿಲ್ರಿ. ಖರೇನ ಗೊತ್ತಿಲ್ಲ" ಎನ್ನುವರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಮಂದಿಗೆ ಗೊತ್ತಿಲ್ಲ ಅನ್ನಾಕ ಭಾಳ ನಾಚ್ಗಿ ನೋಡವ್ವಾ. ಬಾಯಿಗೆ ಬಂದದ್ದು ಹೇಳಿ ಕಳಸ್ತಾರ. ಪಾಪ, ಅಂವ ಅದನ್ನ ನಂಬಿ ನಿಂದರ್ತಾನ" ಎನ್ನುವರು.

ಜೂನ್ ಒಂದನೇ ತಾರೀಖಿನ ಮೇಲೆ ಅವರಿಗೆ ವಿಶೇಷ ಸಿಟ್ಟು. ನಮ್ಮ ಕಡೆ ಒಂದು ವಯಸ್ಸು ದಾಟಿದವರನ್ನು ಕೇಳಿ ನೋಡಿ, ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ಶಾಲೆಗೆ ಸೇರಿಸುವಾಗ ಮನೆಯವರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಬರೆದುಕೊಳ್ಳುತ್ತಿದ್ದರು. ಸರ್ ಕೂಡ ಜೂನ್ ಒಂದರವರೇ. "ನನ್ನ ನಮ್ಮವ್ವ ಹಡೀಲಿಲ್ಲ, ಸಾಲಿ ಮಾಸ್ತರ ಹಡದಾನ. ಖಾಲಿ ಬಿಟ್ಟಿದ್ರ ಅಂವನ ಗಂಟೇನು ಹೋಗ್ತಿತ್ತು?" ಎಂದು ನಗುತ್ತಿದ್ದರು. ನಗುವಿನ ಕೆಳಗೆ ಏನೋ ಚುಚ್ಚುತ್ತಿತ್ತು.

ಅವರ ಕೈಗೆ ನೇಕಾರರ ಸಂಘವೊಂದರ ಕೆಲಸ ಬಂತು. ಸದಸ್ಯರ ಮನೆಮಂದಿಯ ವಿವರವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಿತ್ತು. ಹೆಣ್ಣು ಸದಸ್ಯರ ವಿವರದಲ್ಲಿ 'ಪತಿ ತೀರಿದ ದಿನಾಂಕ' ಎಂಬ ಒಂದು ಚೌಕವಿತ್ತು, ವಿಧವೆಯರಿಗೆ ಸಿಗುವ ನೆರವಿನ ಸಲುವಾಗಿ. ತಾರೀಖು ಆರಿಸಲು ಅಲ್ಲಿ ಡೇಟ್ ಪಿಕರ್ ಇಟ್ಟಿದ್ದರು. ಅದನ್ನು ಎಲ್ಲರೂ ಕಂಡೇ ಇರುತ್ತೀರಿ. ಪಕ್ಕದ ಬಾಣ ಒತ್ತಿದರೆ ಪುಟ್ಟ ಕ್ಯಾಲೆಂಡರ್ ಕೆಳಗಿಳಿಯುತ್ತದೆ, ಬೇಕಾದ ದಿನವನ್ನು ಒತ್ತಿದರೆ ತಾರೀಖು ಬಂದು ಕೂರುತ್ತದೆ. ನಾವು ಬಳಸಿದ್ದಕ್ಕೆ ಒಂದು ಹಟವಿತ್ತು: ಖಾಲಿ ಇರುವುದು ಅದಕ್ಕೆ ಬರುತ್ತಿರಲಿಲ್ಲ. ಯಾರೂ ಮುಟ್ಟದಿದ್ದರೆ ಆ ದಿನದ ತಾರೀಖನ್ನೇ ಹಿಡಿದು ಕೂರುತ್ತಿತ್ತು.

ಸಂಘದಲ್ಲಿ ಕೆಲಸ ಶುರುವಾದ ದಿನ ಸೆಕ್ರೆಟರಿಯವರ ಫೋನು ಬಂತು. ಸರ್ ಸ್ಪೀಕರ್ ಹಾಕಿದರು.

"ಮಕ್ತುಂ, ಏನ್ ಮಾಡಿಟ್ಟೀಯೋ ಮಾರಾಯಾ? ನಮ್ಮೂರ ಗಂಡಸ್ರೆಲ್ಲಾ ಇವತ್ತ ಸತ್ತಾರ!"

"ಏನಂತೀರಿ ಸಾಹೇಬ್ರ?"

"ಏನನ್ನೂದು! ಯಾವ ಹೆಣ್ಮಗಳ ಹೆಸರು ತಗದ್ರೂ ಆಕಿ ಗಂಡ ಇವತ್ತ ತೀರ್‍ಯಾನ. ನನ್ನ ಹೆಂಡ್ತಿ ಮುಂದ ನಾನೂ ಸತ್ತೇನಿ. ಆಕಿ ಇಲ್ಲೇ ನಿಂತು ನಗಾಕತ್ಯಾಳ!"

ಸರ್ ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಆಮೇಲೆ ಕಣ್ಣೊರೆಸಿಕೊಂಡು ಪರದೆಯ ಕಡೆ ಬೆರಳು ಮಾಡಿ, "ಇದೂ ನಮ್ಮ ಬಸ್‌ಸ್ಟ್ಯಾಂಡಿನ ಮಂದಿ ಇದ್ದಂಗನ ಐತಿ. ಗೊತ್ತಿಲ್ಲ ಅನ್ನಾಕ ಬರೂದಿಲ್ಲ ಇದಕ್ಕ. ಕಲಸೂಣು" ಎಂದರು.

ಕಲಿಸಿದ್ದು ಹೀಗೆ. ತಾರೀಖನ್ನು ಯಾವ ರೂಪದಲ್ಲಿ ತೋರಿಸಬೇಕು, ದಿನ ಮೊದಲೋ ತಿಂಗಳು ಮೊದಲೋ ಎಂದು ಆ ಚೌಕಕ್ಕೆ ತಿಳಿಸಲು ದಾರಿಯಿರುತ್ತದೆ. ಅಲ್ಲಿ ಸರ್ ಸ್ಪೇಸ್ ಬಾರನ್ನು ಒಮ್ಮೆ ಒತ್ತಿದಷ್ಟು ಬಿಳಿಯ ಜಾಗವನ್ನಷ್ಟೇ ಕೊಟ್ಟರು. ಈಗ ಡಿಲೀಟ್ ಗುಂಡಿ ಒತ್ತಿದರೆ ಚೌಕ ಬೆಳ್ಳಗಾಗುತ್ತಿತ್ತು. ಆದರೆ ಅದರೊಳಗೆ ಆ ದಿನದ ತಾರೀಖು ಹಾಗೇ ಉಳಿದಿರುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ. "ಸದ್ಯಕ್ಕ ಇದು ಸಾಕು, ಆಮ್ಯಾಲ ಸರಿಯಾಗಿ ಬರೀತೇನಿ" ಎಂದರೆಂದು ನನ್ನ ನೆನಪು. ಹೇಳಿರಲಿಕ್ಕಿಲ್ಲ ಕೂಡ. ಅವರನ್ನು ಉಳಿಸಿಕೊಳ್ಳಲು ಈ ಮಾತನ್ನು ನಾನೇ ಸೇರಿಸಿರಬಹುದು. ಸರಿಯಾಗಿ ಬರೆಯುವ ಆ 'ಆಮೇಲೆ' ಮಾತ್ರ ಬರಲಿಲ್ಲ. ಬೇರೆ ಕೆಲಸಗಳು ಬಂದವು.

ಆ ಸಂಘದ ಸದಸ್ಯರಲ್ಲಿ ನಮ್ಮ ದೊಡ್ಡವ್ವನೂ ಒಬ್ಬಳು, ನೀಲವ್ವ. ಅಪ್ಪನ ಅಣ್ಣನ ಹೆಂಡತಿ. ಹುನಗುಂದದ ನಮ್ಮ ಕೂಡುಮನೆಯ ಮುಂದಿನ ಕೋಣೆಯಲ್ಲಿ ಕುಣಿಮಗ್ಗಕ್ಕೆ ಕಾಲಿಳಿಬಿಟ್ಟು ಕೂತು ಸೀರೆ ನೇಯುತ್ತಿದ್ದಳು. ದೊಡ್ಡಪ್ಪ ನಾನು ಸಣ್ಣವಳಿದ್ದಾಗಲೇ ಸೀರೆಯ ಗಂಟು ಹೊತ್ತು ವ್ಯಾಪಾರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಸೊಲ್ಲಾಪುರದಲ್ಲಿ ಕಂಡೆವೆಂದರು ಕೆಲವರು, ಪಂಢರಪುರದಲ್ಲಿ ಎಂದರು ಕೆಲವರು. ದೊಡ್ಡವ್ವ ಯಾರ ಮಾತಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ ಇಟ್ಟುಕೊಂಡೇ ಇದ್ದಳು. ಮನೆಯ ಹಬ್ಬ ಹುಣ್ಣಿಮೆಗಳಲ್ಲಿ ಮುತ್ತೈದೆಯರ ಸಾಲಿನಲ್ಲಿ ಕೂರುತ್ತಿದ್ದಳು, ಅವಳಿಗೂ ಅಕ್ಕಿ, ಕುಪ್ಪಸದ ಕಣ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬುತ್ತಿದ್ದರು. ಅವಳಿಗಿದ್ದ ಜಾಗ ಅದೊಂದೇ. ಆ ಸಾಲಿನಿಂದ ಎಬ್ಬಿಸಿದರೆ ಅವಳು ಆ ಮನೆಯಲ್ಲಿ ಏನೂ ಅಲ್ಲ.

ಸಂಘದ ಗುಮಾಸ್ತ ಅವಳ ವಿವರ ತುಂಬುವಾಗ ಆ ಚೌಕವನ್ನು ಬೆಳ್ಳಗೆ ಬಿಟ್ಟಿದ್ದ. ಅವನದೇನೂ ತಪ್ಪಿಲ್ಲ. ಮರುವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಸಂಘದ ವಾರ್ಷಿಕ ಸಭೆ. ಅದಕ್ಕೆಂದು ಗಂಡ ಜೊತೆಗಿಲ್ಲದ ಹೆಂಗಸರ ಹೆಸರುಗಳನ್ನು ಒಟ್ಟಿಗೆ ತೆಗೆದು, ಮುದ್ರಿಸಿ, ಗೋಡೆಗೆ ಅಂಟಿಸಿದರು. ಪರದೆಯ ಮೇಲೆ ಕಾಣದ ತಾರೀಖು ಕಾಗದದ ಮೇಲೆ ಕಂಡಿತು. ಪ್ರಿಂಟರಿಗೆ ತೋರಿಕೆ ಗೊತ್ತಿಲ್ಲ, ಒಳಗಿದ್ದದ್ದನ್ನು ತೆಗೆದು ಹಾಕಿತ್ತು. ದೊಡ್ಡವ್ವನ ಹೆಸರಿನ ಮುಂದೆ ದೊಡ್ಡಪ್ಪ ಸತ್ತ ದಿನವೆಂದು ಗುಮಾಸ್ತ ವಿವರ ತುಂಬಿದ ದಿನ ಬಿದ್ದಿತ್ತು. ಅದು ಹಿಂದಿನ ವರ್ಷದ ನಾಗರ ಪಂಚಮಿಯ ಮರುದಿನ.

ನನಗೆ ಇದು ತಿಳಿದದ್ದು ಸೆಕ್ರೆಟರಿಯವರ ಮತ್ತೊಂದು ಫೋನಿನಿಂದ. ಈ ಸಲ ಅವರು ನಗಲಿಲ್ಲ. ಸರ್ ಫೋನಿಟ್ಟು ಬಹಳ ಹೊತ್ತು ಕೀಬೋರ್ಡ್ ಒರೆಸಿದರು. ಆಮೇಲೆ ಆ ಚೌಕವನ್ನೇ ತಮ್ಮ ಕೈಯಿಂದ ಹೊಸದಾಗಿ ಬರೆದರು. ಪಕ್ಕದಲ್ಲಿ ಗುರುತು ಹಾಕುವ ಪುಟ್ಟ ಮನೆ ಇಟ್ಟರು. ಅಲ್ಲಿ ಗುರುತಿಲ್ಲದಿದ್ದರೆ ಒಳಗೂ ತಾರೀಖಿಲ್ಲ, ಹೊರಗೂ ಇಲ್ಲ. "ಕಾಣದಂಗ ಮಾಡೂದು ಬ್ಯಾರೆ, ಇಲ್ಲದಂಗ ಮಾಡೂದು ಬ್ಯಾರೆ. ಊರಿಗೆಲ್ಲಾ ಬುದ್ಧಿ ಹೇಳಿ ನಾನ ಸುಣ್ಣಾ ಬಳದು ಬಿಟ್ಟಿದ್ನಲ್ಲಾ" ಎಂದರು. ತಿದ್ದಿದ ಪಟ್ಟಿಯನ್ನು ಹಿಡಿದು, "ನಡಿ, ನಿಮ್ಮ ದೊಡ್ಡವ್ವಾರ್ನ ಕಂಡು ಬರೂಣು" ಎಂದರು.

ಹುನಗುಂದದ ಮನೆಗೆ ನಾವು ಹೋದಾಗ ದಸರೆ ಆಗಿ ಒಂದೆರಡು ದಿನವಾಗಿರಬೇಕು. ದೇವರ ಮುಂದಿನ ಬನ್ನಿ ಎಲೆ ಇನ್ನೂ ಪೂರ್ತಿ ಒಣಗಿರಲಿಲ್ಲ. ದೊಡ್ಡವ್ವ ಮಗ್ಗದಿಂದ ಎದ್ದು ಬಂದು ಬಾಗಿಲ ಬಳಿ ನಿಂತಳು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿದ್ದಳು. ಈರಪ್ಪ ಕಾಕಾ, ಅಪ್ಪನ ತಮ್ಮ, ಹಾಸಿಗೆಯ ಸುರುಳಿಗೆ ಒರಗಿ ಕೂತಿದ್ದ. ಸರ್ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅವ್ವಾರ, ನನ್ನಿಂದ ಭಾಳ ದೊಡ್ಡ ತಪ್ಪಾಗೈತ್ರಿ. ಆ ತಾರೀಖು ಸುಳ್ಳು."

ಕಾಕಾ ನಕ್ಕ. "ಕಂಪ್ಯೂಟರ್ ಸುಳ್ಳ ಹೇಳತೈತೇನ್ರಿ? ಪೊಲೀಸ್ರ ಕಡಿಂದ ಸಂಘಕ್ಕ ಖಬರ ಬಂದಿರಬೇಕ ತಗೋರಿ."

"ಕಂಪ್ಯೂಟರ್ ಹೇಳಿಲ್ರಿ, ನಾ ಹೇಳಿಸೇನಿ. ಯಾವ ಖಬರೂ ಬಂದಿಲ್ಲ."

"ಈಗ ಹೇಳಿದ್ರ ಏನ್ ಬಂತ್ರಿ? ನಿಮ್ಮ ಪಟ್ಟಿ ನೋಡೇ ನಾವು ನಮ್ಮ ಹುಡುಗಿ ಲಗ್ನದಾಗ ವೈನಿಗೆ ಉಡಿ ತುಂಬಲಿಲ್ಲ. ಮುತ್ತೈದ್ಯಾರ ಸಾಲು, ಅಶುಭ ಆಗಬಾರ್ದು ನೋಡ್ರಿ."

ಉಡಿಯ ಮಾತು ನನ್ನ ಕಿವಿಗೆ ಬಿದ್ದದ್ದು ಆಗಲೇ. ಲಗ್ನಕ್ಕೆ ನಾನೂ ಹೋಗಿದ್ದೆ, ಆ ಹೊತ್ತಿಗೆ ಊಟದ ಸಾಲಿನಲ್ಲಿದ್ದೆ. ಸರ್ ಮುಖ ನೋಡಲಾಗಲಿಲ್ಲ. ದೊಡ್ಡವ್ವ ಒಮ್ಮೆ ಅವ್ವನ ಕಡೆ ನೋಡಿದಳು. ಅವ್ವ ಒಳಗೆ ಹೋದಳು. ಆಮೇಲೆ ದೊಡ್ಡವ್ವ ಸರ್‌ಗೆ ಹೇಳಿದಳು: "ಆ ತಾರೀಖಿನ ದಿನ ನಾ ಪಂಚಮಿ ಉಂಡಿ ಹಂಚಿ ಬಂದಿದ್ದೆನ್ರಿ, ಓಣಿ ತುಂಬಾ." ಆಮೇಲೆ ಕೇಳಿದಳು: "ಹಂಗಾರ ಅವ್ರು ಅದಾರೋ ಇಲ್ಲೋ, ನಿಮ್ಮ ಪೆಟಿಗಿಗೆ ಗೊತ್ತಿಲ್ಲಾ?"

"ಗೊತ್ತಿಲ್ರಿ ಅವ್ವಾರ" ಎಂದರು ಸರ್. ಆ ಮಾತನ್ನು ಸಂತೋಷವಿಲ್ಲದೆ ಅವರು ಹೇಳಿದ್ದನ್ನು ನಾನು ಕೇಳಿದ್ದು ಆಗ ಮಾತ್ರ.

"ಕುಂದರ್ರಿ, ಚಾ ಕುಡೀರಿ" ಎಂದಳು ದೊಡ್ಡವ್ವ.

ತಿದ್ದುಪಡಿಯಾದದ್ದು ಸಂಘದ ಗೋಡೆಯ ಮೇಲೆ ಮಾತ್ರ. ಮನೆಯಲ್ಲಿ ಯಾರೂ ಅವಳನ್ನು ಮತ್ತೆ ಸಾಲಿಗೆ ಕರೆಯಲಿಲ್ಲ. ಉಡಿ ತುಂಬುವ ಹೊತ್ತಿಗೆ ಅವಳು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿರುತ್ತಿದ್ದಳು, ಕುಂಕುಮ ಇಟ್ಟುಕೊಂಡೇ. ಕೇಳಿದವರಿಗೆಲ್ಲ ಕಾಕಾ, "ಆ ಇಳಕಲ್ ಸಾಹೇಬ ಮಾಡಿದ ಘಾತ" ಎನ್ನುತ್ತಿದ್ದ. ಕೇಳಿದವರು ಅಯ್ಯೋ ಎನ್ನುತ್ತಿದ್ದರು. ಎಲ್ಲರಿಗೂ ಅನುಕೂಲವಾದ ಉತ್ತರ ಅದು. ನಾನೂ ಅದನ್ನೇ ನಂಬಿದ್ದೆ.

ಸಂಘದ ಕೆಲಸ ಬೇರೆಯವರ ಪಾಲಾಯಿತು. ಅವರ ಹೊಸ ಆ್ಯಪಿನಲ್ಲಿ ತಾರೀಖು ತುಂಬದೆ ಮುಂದೆ ಹೋಗಲು ಬರುವುದಿಲ್ಲವೆಂದು ಕೇಳಿದೆ. ಸರ್ ಕೋಣೆ ಬಿಟ್ಟು ಕಲಾದಗಿಗೆ, ಹೆಂಡತಿಯ ಊರಿಗೆ ಹೋದರು. ಕೂಡುಮನೆ ಬಿಟ್ಟು ನಾವೂ ಬಾಗಲಕೋಟೆಯ ನವನಗರಕ್ಕೆ ಬಂದೆವು. ಅವರನ್ನು ಕೊನೆಯ ಸಲ ಕಂಡದ್ದು ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ. ಬಹಳ ಸೊರಗಿದ್ದರು, ಕೈಯಲ್ಲಿ ದವಾಖಾನೆಯ ಚೀಲ. ನನ್ನ ಯೋಗಕ್ಷೇಮವನ್ನೂ ಕೇಳದೆ, "ದೊಡ್ಡವ್ವಾರಿಗೆ ಈಗ ಉಡಿ ತುಂಬತಾರೇನವ್ವಾ?" ಎಂದರು.

"ಇಲ್ರಿ ಸರ್."

ತಲೆಯಾಡಿಸಿದರು. "ನನ್ನ ಒಂದು ಸ್ಪೇಸ್ ನೋಡು, ಎಷ್ಟು ದೂರ ಹೋತು" ಎಂದರು. ಕಲಾದಗಿಯ ಬಸ್ಸು ಬಂತು. ಮಳೆಗಾಲ ಶುರುವಾಗುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು, ನನಗೆ ತಲುಪುವಾಗ ಹಳೆಯದಾಗಿತ್ತು. ಯಾವ ದಿನವೆಂದು ಈಗಲೂ ನನಗೆ ಗೊತ್ತಿಲ್ಲ. ವಿಚಾರಿಸಿಯೂ ಇಲ್ಲ.

ಮೊನ್ನೆ ಅವ್ವ ಟ್ರಂಕಿನ ಸೀರೆಗಳನ್ನು ಬಿಸಿಲಿಗೆ ಹಾಕಿದ್ದಳು. ಕಾಕಾನ ಮಗಳ ಲಗ್ನದಲ್ಲಿ ನಾನುಟ್ಟಿದ್ದ ಸೀರೆಯೂ ಅದರಲ್ಲಿತ್ತು. ಮಡಿಲಿನ ಹತ್ತಿರ ಹಳದಿ ಕಲೆ. ಮಾವಿನ ಹಣ್ಣಿನ ಸೀಕರಣೆಯದು. ಬಡಿಸುವಾಗ ನನ್ನ ಮೇಲೆ ಚೆಲ್ಲಿತ್ತು, ಎಲ್ಲರೂ ನಕ್ಕಿದ್ದರು. ಕಲೆಯನ್ನು ನೋಡುತ್ತ ನಿಂತೆ. ಸಂಘದ ಸಭೆ ಮಳೆಗಾಲದ ಕೊನೆಗೆ. ಸರ್ ನಮ್ಮ ಮನೆಗೆ ಬಂದದ್ದು ದಸರೆಯ ಬೆನ್ನಿಗೆ. ಅವೆರಡರ ನಡುವೆ ಸೀಕರಣೆಗೆ ಮಾವಿನ ಹಣ್ಣು ಎಲ್ಲಿಂದ ಬರಬೇಕು? ಲಗ್ನ ಆದದ್ದು ಬೇಸಿಗೆಯಲ್ಲಿ. ಪಟ್ಟಿ ಗೋಡೆಗೇರುವುದಕ್ಕೂ ಮೊದಲೇ ದೊಡ್ಡವ್ವನನ್ನು ಸಾಲಿನಿಂದ ಬಿಟ್ಟಾಗಿತ್ತು. ಸರ್ ತಪ್ಪಿಗಾಗಿ ನಮ್ಮ ಮನೆಯವರು ಕಾದಿರಲಿಲ್ಲ. ಅದು ತಾನಾಗಿ ಬಂದು ಅವರ ಕೈಗೆ ಸಿಕ್ಕಿತು. ಇದನ್ನು ಅವತ್ತೇ ನಾನೇಕೆ ಎಣಿಸಲಿಲ್ಲ ಎಂದು ಕೇಳಿಕೊಂಡರೆ, ಎಣಿಸಲು ಇಷ್ಟವಿರಲಿಲ್ಲವೇನೋ ಎಂದೂ ಅನಿಸುತ್ತದೆ. ಆ ಮನೆಯಲ್ಲಿ ಎಣಿಕೆ ಗೊತ್ತಿದ್ದವರು ಅವತ್ತು ಸುಮ್ಮನಿದ್ದರು. ದೊಡ್ಡವ್ವನೂ.

ಅವಳು ಅವ್ವನ ಕಡೆ ನೋಡಿದ ಆ ನೋಟ ನೆನಪಾಯಿತು. ಅದನ್ನೂ ನಾನೇ ಈಗ ಕಟ್ಟಿಕೊಂಡಿರಬಹುದು. ಕಟ್ಟಿಕೊಂಡಿರಲೆಂದೇ ನನ್ನ ಆಸೆ.

ಸೀರೆ ಹಿಡಿದು ಕೇಳಿದೆ: "ಅವ್ವಾ, ಲಗ್ನದ ದಿನ ಆ ಪಟ್ಟಿ ಇನ್ನಾ ಬಂದಿದ್ದಿಲ್ಲ. ದೊಡ್ಡವ್ವನ್ನ ದಾಟಿಸಿ ಮುಂದಿನಾಕಿಗೆ ಉಡಿ ತುಂಬಿದಾಕಿ ಯಾರು? ಉಡಿ ತಾಟು ಯಾರ ಕೈಯಾಗ ಇತ್ತು?"

ಅವ್ವ ನನ್ನ ಕೈಯಿಂದ ಸೀರೆ ತೆಗೆದುಕೊಂಡಳು. ಕಲೆ ಒಳಗೆ ಹೋಗುವಂತೆ ಮಡಿಚತೊಡಗಿದಳು.