ಪಂಚಿಂಗ್ ಕಮಲಾಕ್ಷಿಯ ಡಿಪ್ಲೊಮಾ

ಕಮಲಾಕ್ಷಿಯ ತಂದೆ ಶಂಕರಪ್ಪನವರು ತಿಪಟೂರಿನ ಕಡೆಯವರು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. ವಿಜಯವಾಡಕ್ಕೆ ವರ್ಗವಾಗಿ ಬಂದವರು ಮತ್ತೆ ಊರ ಕಡೆ ಹೋಗಲೇ ಇಲ್ಲ. ಮಗಳು ಅಲ್ಲೇ ತೆಲುಗಿನಲ್ಲಿ ಓದಿ, ಗಣಿತದಲ್ಲಿ ಬಿಎಸ್‌ಸಿ ಮುಗಿಸಿ, ದುವ್ವಾಡ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದ ಕಾಮೇಶ್ವರನನ್ನು ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದಳು. ಮನೆಯಲ್ಲಿ ಮಾತೆಲ್ಲ ತೆಲುಗು. ಅಪ್ಪ ಬಂದಾಗ ಮಾತ್ರ ಕನ್ನಡ.

೧೯೭೯ರಲ್ಲಿ ಅವಳಿಗೊಂದು ಕೆಲಸ ಸಿಕ್ಕಿತು. ಊರಿನಲ್ಲಿ ಒಂದು ಖಾಸಗಿ ಪಂಚಿಂಗ್ ಆಫೀಸಿತ್ತು. ಕಂಪ್ಯೂಟರಿಗೆ ಉಣಿಸುವ ಅಂಕಿಗಳನ್ನೆಲ್ಲ ಆಗ ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆದು ಕೊಡಬೇಕಿತ್ತು. ಸರ್ಕಾರಿ ಇಲಾಖೆಯವರೂ ಯೂನಿವರ್ಸಿಟಿಯ ಸಂಶೋಧಕರೂ ತಮ್ಮ ಹಾಳೆಗಳನ್ನು ತಂದುಕೊಡುತ್ತಿದ್ದರು. ನಾಲ್ಕು ಹೆಂಗಸರು ಸಾಲಾಗಿ ಕೂತು ಅದನ್ನೆಲ್ಲ ಟಕಟಕ ಹೊಡೆಯುತ್ತಿದ್ದರು. ಒಬ್ಬಳು ಹೊಡೆದ ಕಾರ್ಡನ್ನು ಇನ್ನೊಬ್ಬಳು ಬೇರೆ ಯಂತ್ರದಲ್ಲಿ ಮತ್ತೆ ಹೊಡೆಯುವುದು. ಎರಡೂ ತಾಳೆಯಾಗದಿದ್ದರೆ ಕೆಂಪು ದೀಪ ಹೊತ್ತಿಕೊಳ್ಳುವುದು. ಆ ತಪ್ಪನ್ನು, ಹೊತ್ತು, ಹಾಳೆಯ ತರಹ ಎಲ್ಲ ಸೇರಿಸಿ, ರಿಜಿಸ್ಟರಿನಲ್ಲಿ ಬರೆಯಬೇಕು.

ನಾಲ್ವರಲ್ಲಿ ಕಮಲಾಕ್ಷಿಯ ಕೈಯೇ ಚುರುಕು. ಸಂಶೋಧಕರ ಕಾರ್ಡುಗಳಲ್ಲಿ ಅಂಕಿಗಳ ಜೊತೆ, ಲೆಕ್ಕ ಹಾಕಿಕೊಡುವ ಸ್ಟ್ಯಾಟಿಸ್ಟಿಕ್ಸ್ ಪ್ಯಾಕೇಜಿಗೆ ಕೊಡುವ ಆಜ್ಞೆಗಳೂ ಇರುತ್ತಿದ್ದವು. ಆಜ್ಞೆಯ ಹೆಸರು ಕಾರ್ಡಿನ ಮೊದಲ ಹದಿನೈದು ಮನೆ, ಅಂದರೆ ಕಾಲಮಿನೊಳಗೆ, ವಿವರ ಹದಿನಾರನೆಯದರಿಂದ. ಯಾರಾದರೂ ವಿವರವನ್ನು ಹದಿನೈದರಲ್ಲೇ ಶುರುಮಾಡಿ ಬರೆದುಕೊಟ್ಟರೆ ಅವಳೇ ಸುಮ್ಮನೆ ಒಂದು ಮನೆ ಸರಿಸಿ ಹೊಡೆದುಬಿಡುತ್ತಿದ್ದಳು. ಯಾಕೆ ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿತ್ತು, ಅಷ್ಟೆ.

ಆ ಆಫೀಸಿನಲ್ಲಿ ಒಂದು ಅವಮಾನವೂ ಆಗಿತ್ತು. ೧೯೮೩ರಲ್ಲಿ ಮ್ಯಾನೇಜರು ರಿಜಿಸ್ಟರು ತಿರುವಿ ಹಾಕಿ, "ಊಟ ಆದ್ಮೇಲೆ ನಿಮ್ಮ ತಪ್ಪು ಎರಡು ಪಟ್ಟು ಆಗ್ತಿದೆ. ತೂಕಡಿಸ್ತೀರಿ, ಹರಟೆ ಹೊಡೀತೀರಿ" ಎಂದು ಮಧ್ಯಾಹ್ನದ ಹದಿನೈದು ನಿಮಿಷದ ಟೀ ವಿರಾಮವನ್ನೇ ತೆಗೆದುಹಾಕಿದರು. ಪಕ್ಕದ ಯಂತ್ರದ ಕೋಟೇಶ್ವರಮ್ಮ ಅವತ್ತು ಊಟದ ಡಬ್ಬಿ ಮುಚ್ಚಿಟ್ಟು ಅತ್ತುಬಿಟ್ಟಿದ್ದಳು. ಅಂಕಿ ಹಾಗೆ ಹೇಳುವಾಗ ಎದುರಾಡುವುದು ಹೇಗೆ?

೧೯೮೭ರ ಹೊತ್ತಿಗೆ ಎಲ್ಲ ಕಡೆ ಪಿ.ಸಿ.ಗಳು ಬಂದವು. ಕಾರ್ಡು ಕೇಳುವವರಿಲ್ಲ. ಆಫೀಸು ಮುಚ್ಚಿ ಯಂತ್ರಗಳನ್ನು ಗುಜರಿಗೆ ಹಾಕಿದರು. ರಿಜಿಸ್ಟರುಗಳನ್ನೂ ಅದೇ ಲಾರಿಗೆ ಎಸೆಯುವುದನ್ನು ಕಂಡು ಕಮಲಾಕ್ಷಿ, "ಇವನ್ನ ನಾನು ತಗೊಂಡು ಹೋಗ್ಲಾ?" ಎಂದು ಕೇಳಿದಳು. ಯಾಕೆ ಕೇಳಿದಳೋ. ಎಂಟು ವರ್ಷದ ಕೆಲಸದ ಗುರುತು ಎಂದು ಬೇರೇನೂ ಇರಲಿಲ್ಲ. ಕೋಟೇಶ್ವರಮ್ಮ ದ್ವಾರಕಾನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದಳು. ಕಮಲಾಕ್ಷಿ ಮನೆಯಲ್ಲಿ ಕೂತಳು.

ಒಂದು ಸಂಜೆ ಕಾಮೇಶ್ವರ ಪೇಪರಿನ ತುಂಡೊಂದನ್ನು ತಂದು ಮುಂದಿಟ್ಟ. ಯೂನಿವರ್ಸಿಟಿಯ ಸ್ಟ್ಯಾಟಿಸ್ಟಿಕ್ಸ್ ವಿಭಾಗದಲ್ಲಿ ಒಂದು ವರ್ಷದ ಸಂಜೆ ಡಿಪ್ಲೊಮಾ, ಕಂಪ್ಯೂಟರಿನ ಮೇಲೆ. ಗಣಿತದ ಪದವಿ ಇದ್ದರೆ ಸಾಕು.

"ಮೂವತ್ತೊಂದು ವರ್ಷಕ್ಕಾ?" ಎಂದಳು ಕಮಲಾಕ್ಷಿ.

"ವಯಸ್ಸಿನ ಬಗ್ಗೆ ಇದರಲ್ಲಿ ಏನೂ ಬರೆದಿಲ್ಲ, ನೋಡು."

ಸಂದರ್ಶನದಲ್ಲಿ ವಿಭಾಗದ ಮುಖ್ಯಸ್ಥರಾದ ದಕ್ಷಿಣಾಮೂರ್ತಿಯವರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದ್ರೇನಮ್ಮ?"

"ಓದಿದ್ದೆ ಸಾರ್, ಮರೆತುಹೋಗಿದೆ. ಆದ್ರೆ ಅದು ಬೇಕು ಅಂದ್ರೆ ಯಾವ ಕಾರ್ಡು ಹಾಕಬೇಕು ಅಂತ ಗೊತ್ತು."

ಅವರು ಕುರ್ಚಿ ಅಲುಗುವಂತೆ ನಕ್ಕರು. "ನನ್ನ ವಿದ್ಯಾರ್ಥಿಗಳ ಕಾರ್ಡು ತಿದ್ದಿಕೊಡ್ತಿದ್ದೋರು ನೀವೇನಾ? ಬನ್ನಿ. ಆದ್ರೆ ಆರು ವಾರಕ್ಕೆ ಒಂದು ಪರೀಕ್ಷೆ ಇಡ್ತೀನಿ. ಫೇಲಾದ್ರೆ ಮನೆಗೆ."

ಆರು ವಾರ ಅವಳು ಅಡಿಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡೇ ಓದಿದಳು. ತರಗತಿಯಲ್ಲಿ ಪಕ್ಕದ ಕುರ್ಚಿಯ ಮೃಣಾಲಿನಿ ಎಂಬ ಇಪ್ಪತ್ತೆರಡರ ಹುಡುಗಿ ಸೂತ್ರಗಳನ್ನು ಬಿಡಿಸಿ ಹೇಳುವಳು. ಬದಲಿಗೆ ಕಮಲಾಕ್ಷಿ ಅವಳಿಗೆ ಕೀಬೋರ್ಡು ನೋಡದೆ ಹೊಡೆಯುವುದನ್ನು ಕಲಿಸುವಳು. ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೆಂಟು ಬಂತು. ಮನೆಗೆ ಹೋಗುವ ಮಾತು ಮತ್ತೆ ಬರಲಿಲ್ಲ.

ಪ್ರಾಕ್ಟಿಕಲ್ ರೂಮು ತಣ್ಣಗಿತ್ತು. ಚಪ್ಪಲಿ ಹೊರಗೆ. ಆರು ಪಿ.ಸಿ.ಗಳು, ಕಪ್ಪು ತೆರೆಯ ಮೇಲೆ ಹಸಿರು ಅಕ್ಷರ. ಅದೇ ಹಳೆಯ ಪ್ಯಾಕೇಜು ಈಗ ಪಿ.ಸಿ.ಯೊಳಗೇ ಇತ್ತು. ಮೊದಲ ದಿನ ಕಮಲಾಕ್ಷಿ ಆಜ್ಞೆ ಹೊಡೆದು ವಿವರವನ್ನು ಹದಿನಾರನೆಯ ಮನೆಯಿಂದಲೇ ಶುರು ಮಾಡಿದಳು. "ಇದರಲ್ಲಿ ಎಲ್ಲಿಂದ ಬೇಕಾದ್ರೂ ಬರೀಬಹುದು ಅಕ್ಕಾ, ಕೊನೆಗೊಂದು ಚುಕ್ಕಿ ಇಟ್ರೆ ಸಾಕು" ಎಂದಳು ಮೃಣಾಲಿನಿ. ಚುಕ್ಕಿ ಇಟ್ಟು ಗುಂಡಿ ಒತ್ತಿದ್ದೇ ತಡ, ಸರಾಸರಿ, ಡೀವಿಯೇಶನ್ ಎಲ್ಲ ಸಾಲಾಗಿ ಇಳಿದುಬಂದವು. ಹಿಂದೆ ಕಾರ್ಡಿನ ಕಟ್ಟು ಹೊತ್ತುಕೊಂಡು ಹೋದವರು ಮೂರು ದಿನ ಕಾದು ತರುತ್ತಿದ್ದ ಕಾಗದ ಅದು. "ಅಯ್ಯೋ, ಬಂದೇಬಿಡ್ತು!" ಎಂದು ಅವಳು ಕನ್ನಡದಲ್ಲೇ ಕೂಗಿದಳು. ಇಡೀ ರೂಮು ತಿರುಗಿ ನೋಡಿತು.

ಕೊನೆಗೆ ಪ್ರಾಜೆಕ್ಟಿನ ಸರದಿ ಬಂತು. ಪ್ರತಿಯೊಬ್ಬರೂ ಸ್ವಂತ ಅಂಕಿಅಂಶ ತರಬೇಕು. ಕಮಲಾಕ್ಷಿ ಅಟ್ಟದ ಮೇಲಿಂದ ರಿಜಿಸ್ಟರುಗಳನ್ನು ಇಳಿಸಿದಳು. ಒಂದು ಸಾವಿರದ ನೂರ ನಲವತ್ತು ಕಟ್ಟುಗಳ ಲೆಕ್ಕ. ಬೆಳಿಗ್ಗೆಯೋ ಮಧ್ಯಾಹ್ನವೋ, ತಪ್ಪು ಹೆಚ್ಚೋ ಕಡಿಮೆಯೋ, ಮೂಲ ಹಾಳೆ ಯಾವ ತರಹದ್ದು. ಕಾಲಮು ಬಿಟ್ಟು ಹೊಡೆಯುವುದು ಅಭ್ಯಾಸವಿಲ್ಲದ್ದರಿಂದ ಎಲ್ಲವನ್ನೂ ಹೊಡೆದಳು. ಎರಡೇ ಸಂಜೆಯಲ್ಲಿ ಮುಗಿಯಿತು.

"ಕ್ರಾಸ್‌ಟ್ಯಾಬ್ಸ್, ಹೊತ್ತು ಬೈ ತಪ್ಪು" ಎಂದು, ಹೊತ್ತಿನ ಪ್ರಕಾರ ತಪ್ಪುಗಳನ್ನು ಎಣಿಸಿಕೊಡುವ ಆಜ್ಞೆ ಕೊಟ್ಟಳು. ಪಟ್ಟಿ ಬಂತು. ಬೆಳಗಿನ ಕಟ್ಟುಗಳಲ್ಲಿ ತಪ್ಪು ಹೆಚ್ಚಿದ್ದವು ನೂರಕ್ಕೆ ಒಂಬತ್ತು. ಮಧ್ಯಾಹ್ನದವುಗಳಲ್ಲಿ ಇಪ್ಪತ್ತೊಂದು.

ಅವಳ ಮುಖ ಇಳಿದುಹೋಯಿತು. ಮ್ಯಾನೇಜರು ಹೇಳಿದ್ದೇ ನಿಜ.

ದಕ್ಷಿಣಾಮೂರ್ತಿಯವರು ಹಿಂದೆ ಬಂದು ನಿಂತರು. "ಯಾಕಮ್ಮ, ಯಂತ್ರ ಏನಂತು?"

"ನಾವು ತೂಕಡಿಸ್ತಿದ್ವಿ ಅಂತ, ಸಾರ್."

"ಅದು ಹಾಗಂತ ಹೇಳಿಲ್ಲ. ಮಧ್ಯಾಹ್ನ ತಪ್ಪು ಜಾಸ್ತಿ ಅಂತ ಮಾತ್ರ ಹೇಳಿದೆ. ತೂಕಡಿಕೆ ನಿಮ್ಮ ಮ್ಯಾನೇಜರ್ ಸೇರಿಸಿದ್ದು. ಮಧ್ಯಾಹ್ನಕ್ಕೂ ಬೆಳಿಗ್ಗೆಗೂ ಬೇರೆ ಏನು ವ್ಯತ್ಯಾಸ ಇತ್ತು? ಅಲ್ಲಿ ಕೂತಿದ್ದೋರು ನೀವು. ನನಗೇನು ಗೊತ್ತು?"

ಕಮಲಾಕ್ಷಿ ಕಣ್ಣು ಮುಚ್ಚಿ ಆಫೀಸಿನ ಬಾಗಿಲನ್ನು ನೆನೆದಳು. ಒಂಬತ್ತು ಗಂಟೆಗೆ ಜೀಪು. ಸರ್ಕಾರಿ ಸರ್ವೆಯ ಹಾಳೆಗಳು, ಅಚ್ಚಾದ ಚೌಕಗಳಲ್ಲಿ ಮುತ್ತಿನಂಥ ಅಂಕಿ. ಊಟವಾದ ಮೇಲೆ ಸೈಕಲ್ಲುಗಳು. ಸಂಶೋಧಕರು ನೋಟ್‌ಬುಕ್ಕಿನಿಂದ ಹರಿದು ತಂದ ಬಿಳಿ ಹಾಳೆಗಳು. ಒಂದೋ ಏಳೋ, ಸೊನ್ನೆಯೋ ಆರೋ, ಬರೆದವನಿಗೇ ಗೊತ್ತಾಗಬೇಕು.

"ಸಾರ್!" ಎಂದು ಎದ್ದೇಬಿಟ್ಟಳು. "ಹಾಳೆ ಸಾರ್, ಹಾಳೆ!"

ಮತ್ತೆ ಕೂತು ಆಜ್ಞೆ ಹೊಡೆದಳು. ಹೊತ್ತು ಬೈ ತಪ್ಪು ಬೈ ಹಾಳೆ. ಎರಡನೆಯ 'ಬೈ' ಹೊಡೆಯುವಾಗ ಅವಳ ಕೈ ಒಂದು ಕ್ಷಣ ನಿಂತಿತು. ಎಂಟು ವರ್ಷದಲ್ಲಿ ಇನ್ನೊಬ್ಬರ ಕಾರ್ಡುಗಳಲ್ಲಿ ಎಷ್ಟು ಸಾರಿ ಈ ಎರಡನೆಯ ಬೈ ಹೊಡೆದಿರಬೇಕು! ಅದು ಇದಕ್ಕಾಗಿ ಇರುವುದು. ಗುಂಪು ಬೇರೆ ಮಾಡಿ, ಒಂದೇ ತರಹದವರನ್ನು ಒಂದೇ ತರಹದವರ ಜೊತೆ ಹೋಲಿಸಿ ನೋಡುವುದಕ್ಕೆ.

ಪ್ರಿಂಟರು ಕಿರ್ರೆಂದು ಹರಿದಾಡಿತು. ಅಚ್ಚಿನ ಹಾಳೆಗಳಲ್ಲಿ ಬೆಳಿಗ್ಗೆ ಏಳು, ಮಧ್ಯಾಹ್ನ ಏಳು. ಬಿಳಿ ಹಾಳೆಗಳಲ್ಲಿ ಬೆಳಿಗ್ಗೆ ಮೂವತ್ತೊಂದು, ಮಧ್ಯಾಹ್ನ ಮೂವತ್ತು.

ಮೃಣಾಲಿನಿ ಕಾಗದ ಕಿತ್ತುಕೊಂಡು ಓದಿದಳು. "ಅಕ್ಕಾ, ಹೊತ್ತಿಗೂ ತಪ್ಪಿಗೂ ಸಂಬಂಧವೇ ಇಲ್ಲ! ಕಷ್ಟದ ಹಾಳೆ ಮಧ್ಯಾಹ್ನ ಜಾಸ್ತಿ ಬರ್ತಿತ್ತು, ಅಷ್ಟೆ." ಇಬ್ಬರೂ ಕೈ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ದಕ್ಷಿಣಾಮೂರ್ತಿಯವರು ಪಟ್ಟಿಯನ್ನು ಎರಡು ಸಾರಿ ನೋಡಿ, ಜೇಬಿನಿಂದ ಪೆನ್ನು ತೆಗೆದು, ಅಂಚಿನಲ್ಲಿ ಒಂದು ಗುರುತು ಹಾಕಿದರು. "ಇದನ್ನ ಜೂನಿಯರುಗಳಿಗೆ ನೀವೇ ಪಾಠ ಮಾಡಬೇಕು" ಎಂದರು.

ಮರುದಿನ ಕಮಲಾಕ್ಷಿ ಮಡಿಕೆ ಮಡಿಕೆಯ ಆ ಉದ್ದನೆ ಕಾಗದ ಹಿಡಿದು ದ್ವಾರಕಾನಗರಕ್ಕೆ ಬಸ್ಸು ಹತ್ತಿದಳು. ಟೈಪ್‌ರೈಟರುಗಳ ಗದ್ದಲದ ನಡುವೆ ಕೋಟೇಶ್ವರಮ್ಮನನ್ನು ಎಬ್ಬಿಸಿ ಕಿಟಕಿಯ ಹತ್ತಿರ ಕರೆದೊಯ್ದು, ಬೆರಳಿಟ್ಟು ತೋರಿಸಿದಳು. ಕೋಟೇಶ್ವರಮ್ಮನಿಗೆ ಪಟ್ಟಿ ಓದಲು ಬರದು. ಎರಡು ಏಳುಗಳು ಮಾತ್ರ ಕಂಡವು.

"ಎರಡೂ ಒಂದೇ ಕದಾ, ಒಂದೇ ಅಲ್ವಾ?"

"ಒಂದೇ. ನಮ್ಮ ತಪ್ಪಲ್ಲ ಕೋಟಮ್ಮಾ, ನಾವು ತೂಕಡಿಸಲಿಲ್ಲ."

ಕೋಟೇಶ್ವರಮ್ಮ ಆ ಎರಡು ಏಳುಗಳ ಮೇಲೆ ತಾನೂ ಬೆರಳಾಡಿಸಿದಳು. ಆಮೇಲೆ, "ಆ ಮನುಷ್ಯ ಈಗ ಎಲ್ಲಿದ್ದಾನೋ" ಎಂದಳು. "ಸಿಕ್ಕಿದ್ರೆ ಅವನ ಮೂಗಿನ ಮುಂದೆ ಹಿಡೀತಿದ್ದೆ." ಇಬ್ಬರೂ ನಕ್ಕರು. ಆ ಕಾಗದದ ಒಂದು ಮಡಿಕೆಯನ್ನು ಅವಳು ಹರಿದು ತನ್ನ ಚೀಲಕ್ಕೆ ಹಾಕಿಕೊಂಡಳು.

ಕಮಲಾಕ್ಷಿ ಎರಡನೇ ದರ್ಜೆಯಲ್ಲಿ ಪಾಸಾದಳು. ಪ್ರಾಜೆಕ್ಟಿಗೆ ಮಾತ್ರ ತರಗತಿಗೇ ಹೆಚ್ಚು ಅಂಕ. ಮುಂದಿನ ವರ್ಷ ವಿಭಾಗದಲ್ಲೇ ಪ್ರಾಕ್ಟಿಕಲ್ ಕಲಿಸುವ ಕೆಲಸ ಸಿಕ್ಕಿತು. ೧೯೯೧ರಲ್ಲಿ ವಿಜಯವಾಡದ ಒಂದು ಕಾಲೇಜು, ಎರಡು ಪಿ.ಸಿ. ಕೊಂಡಿದ್ದೇವೆ, ನಮ್ಮ ಅಧ್ಯಾಪಕರಿಗೆ ಕಲಿಸಿಕೊಡಿ ಎಂದು ಅವಳನ್ನು ಕರೆಸಿತು.

ಶಂಕರಪ್ಪನವರು ನಿವೃತ್ತರಾಗಿ ಅದೇ ಊರಿನ ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿ ಮನೆ ಮಾಡಿದ್ದರು. ಕಾಲೇಜು ಎರಡು ಬೀದಿ ಆಚೆ. "ನಾನೂ ಬಂದು ಹಿಂದೆ ಕೂರ್ಲಾ?" ಎಂದು ಕೇಳಿ, ಎಲ್ಲರಿಗಿಂತ ಮೊದಲೇ ಹೋಗಿ ಕೂತಿದ್ದರು. ಮೂವತ್ತು ಅಧ್ಯಾಪಕರು ಸೇರಿದರು. ಕಮಲಾಕ್ಷಿ ಪ್ಯಾಕೇಜು ತೆರೆದಳು, ಕರೆಂಟು ಹೋಯಿತು.

ಅವಳು ಸೀಮೆಸುಣ್ಣ ಎತ್ತಿಕೊಂಡಳು. "ನಡೆದು ಬಂದೋರು ಕೈ ಎತ್ತಿ. ಬಸ್ಸಲ್ಲಿ ಬಂದೋರು? ಈಗ, ಇವರಲ್ಲಿ ತಡವಾಗಿ ಬಂದೋರು ಯಾರು?" ನಗು ಎದ್ದಿತು. ಹಲಗೆಯ ಮೇಲೆ ನಾಲ್ಕು ಚೌಕಗಳು ತುಂಬಿದವು. "ಬಸ್ಸಿನವರು ಸೋಮಾರಿಗಳು ಅನ್ನೋಣವಾ?" ಎಂದಳು. "ಅನ್ಯಾಯ! ನಾವು ದೂರದವರು!" ಎಂದು ಬಸ್ಸಿನವರೆಲ್ಲ ಕೂಗಿದರು. "ಹಾಗಾದ್ರೆ ದೂರವನ್ನೂ ಸೇರಿಸಿ ನೋಡೋಣ" ಎಂದು ಇನ್ನೊಂದು ಪಟ್ಟಿ ಎಳೆದಳು. ಎರಡು ಗಂಟೆ ಹೇಗೆ ಹೋಯಿತೋ. ಯಾರೂ ಎದ್ದು ಹೋಗಲಿಲ್ಲ.

ಕರೆಂಟು ಬಂದು ಫ್ಯಾನು ತಿರುಗಿದ್ದೇ ಎಲ್ಲರೂ ಪಿ.ಸಿ.ಗಳ ಸುತ್ತ ಮುತ್ತಿದರು. ಕಮಲಾಕ್ಷಿ ಹಲಗೆಯ ಲೆಕ್ಕವನ್ನು ಸರಸರ ಹೊಡೆದು ಚುಕ್ಕಿ ಇಟ್ಟಳು. ಹಸಿರು ಪಟ್ಟಿ ಮೇಲೆದ್ದಿತು. ಕೆಳಗೆ ಒಟ್ಟು ಮೂವತ್ತೊಂದು.

ಶಂಕರಪ್ಪನವರು ಭುಜಗಳ ನಡುವೆ ತಲೆ ತೂರಿಸಿ ಕನ್ನಡದಲ್ಲಿ ಕೇಳಿದರು: "ನನ್ನನ್ನೂ ಸೇರಿಸಿದ್ದೀಯಲ್ಲ, ಯಾವ ಮನೇಲಿದ್ದೀನಮ್ಮ ನಾನು?"

"ಇಗೋ ಅಪ್ಪ, ಇಲ್ಲಿ" ಎಂದು ಅವಳು ತೆರೆಯ ಮೇಲೆ ಬೆರಳಿಟ್ಟಳು. "ಹತ್ತಿರದೋರು, ನಡೆದು ಬಂದೋರು, ಹೊತ್ತಿಗೆ ಮುಂಚೆ."