ಧೂಳೋ, ರೋಗಾಣುವೋ?

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ, ಎಲ್ಲರೂ ಅಕ್ಕ ಎನ್ನುವ ಸಂಶೋಧಕಿ ಅಂಗೈಯಗಲದ ಗಾಜಿನ ತಟ್ಟೆಯೊಂದನ್ನು ದೀಪಕ್ಕೆ ಹಿಡಿದಿದ್ದಾರೆ. ಕನ್ನಡಕ ಹಣೆಗೇರಿಸಿ ನೋಡುತ್ತಾರೆ, ಮೂಗಿಗಿಳಿಸಿ ನೋಡುತ್ತಾರೆ. ಆಮೇಲೆ ತಮ್ಮಷ್ಟಕ್ಕೇ, "ಏನಪ್ಪಾ ಇದು, ಒಂದೂ ತಿಳೀತಿಲ್ವಲ್ಲ" ಎನ್ನುತ್ತಾರೆ.

ತಟ್ಟೆಯಲ್ಲಿರುವುದು ಒಬ್ಬ ಟೈಲರ್‌ನ ಕಾಲಿನ ಮೂಳೆಯಿಂದ ತೆಗೆದು ಬೆಳೆಸಿದ ರೋಗಾಣು. ಅದರ ಮೇಲೆ ಔಷಧಿ ಹೀರಿಕೊಂಡ ಪುಟ್ಟ ಬಿಲ್ಲೆಗಳನ್ನು ಇಟ್ಟಿದ್ದಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡಬೇಕು. ಉಂಗುರವೇನೋ ಲಕ್ಷಣವಾಗಿ ಮೂಡಿದೆ. ಆದರೆ ಅದೇ ಔಷಧಿಯನ್ನು ಮೂರು ವಾರ ಕೊಟ್ಟರೂ ಕಾಲು ಜಪ್ಪಯ್ಯ ಅಂದರೂ ವಾಸಿಯಾಗುತ್ತಿಲ್ಲ. ಇವತ್ತು ಹನ್ನೊಂದಕ್ಕೆ ಮೊಣಕಾಲ ಕೆಳಗೆ ಕತ್ತರಿಸುವುದೆಂದು ಡಾಕ್ಟರು ತೀರ್ಮಾನಿಸಿದ್ದಾರೆ.

ಅಕ್ಕನಿಗೆ ಐವತ್ತೊಂದು ವರ್ಷ. ಔಷಧಿಗೆ ಬಗ್ಗದ ರೋಗಾಣುಗಳ ಸಂಶೋಧನೆಯಲ್ಲೇ ಇಪ್ಪತ್ತಮೂರು ವರ್ಷ ಕಳೆದಿವೆ. ದಿನಕ್ಕೆ ಅರವತ್ತು ತಟ್ಟೆ, ತಟ್ಟೆಗೆ ಆರು ಬಿಲ್ಲೆ, ಪ್ರತಿ ಉಂಗುರಕ್ಕೂ ಸ್ಕೇಲು ಹಿಡಿಯಬೇಕು. ಒಂದು ದಿನ ಬೆಳೆಸಿ, ಅಳೆದು, ತಟ್ಟೆ ಎಸೆಯುವುದು ಎಲ್ಲರ ಪದ್ಧತಿ. ಅಕ್ಕ ಮಾತ್ರ ಅರ್ಥವಾಗದ ತಟ್ಟೆಗಳನ್ನು ಬೆಚ್ಚಗಿನ ಪೆಟ್ಟಿಗೆಯ ಕೆಳಗೂಡಿನಲ್ಲಿ ಇನ್ನೂ ಎರಡು ದಿನ ಬಚ್ಚಿಡುತ್ತಾರೆ. ಹಾಗಾಗಿ ಇಲ್ಲಿ ಅವರಿಗೆ ಗೊಂದಲದಕ್ಕ ಎಂದೇ ಹೆಸರು. ಗೊಂದಲವನ್ನು ಯಾವ ವಿಜ್ಞಾನ ಪತ್ರಿಕೆಯೂ ಅಚ್ಚು ಹಾಕುವುದಿಲ್ಲವಾದ್ದರಿಂದ ಹೊರಗಿನವರಿಗೆ ಆ ಹೆಸರೂ ಗೊತ್ತಿಲ್ಲ.

ಮನೆಯಲ್ಲೂ ಇದೇ ಕತೆ. "ಸಾರಿಗೆ ಉಪ್ಪು ಸಾಕಾ ಅಂತ ಕೇಳಿದ್ರೂ, ನಾಳೆ ಹೇಳ್ತೀನಿ ಅಂತಾಳೆ" ಎಂದು ಯಜಮಾನರು ರೇಗಿಸುತ್ತಾರೆ.

ಈ ಅಭ್ಯಾಸ ಹುಟ್ಟಿದ್ದು ಒಬ್ಬ ಬಾಣಂತಿಯಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಕೆಯ ತಟ್ಟೆಯ ಉಂಗುರದೊಳಗೆ ಎರಡು ಚುಕ್ಕೆ ಕಂಡಿದ್ದವು. ಔಷಧಿಗೆ ಸಾಯದೆ ಉಳಿದ ರೋಗಾಣುವೂ ಇರಬಹುದಿತ್ತು, ಬರಿಯ ಧೂಳೂ ಇರಬಹುದಿತ್ತು. ಅಕ್ಕ ಔಷಧಿ ನಾಟುತ್ತದೆಂದು ಬರೆದರು. ಬಾಣಂತಿ ಉಳಿಯಲಿಲ್ಲ. "ಧೂಳು ಅಂದ್ಕೊಂಡೆ. ಧೂಳೇ ಇತ್ತೇನೋ. ತಟ್ಟೆ ಎಸೆದುಬಿಟ್ಟಿದ್ದೆ, ಇವತ್ತಿಗೂ ಗೊತ್ತಿಲ್ಲ" ಎನ್ನುತ್ತಾರೆ.

ಟೈಲರ್‌ನ ತಟ್ಟೆ ಕೆಳಗೂಡಿನಲ್ಲಿ ಮೂರನೆಯ ಬೆಳಗು ಕಂಡಿದೆ. ಈಗ ಅದರ ಉಂಗುರದೊಳಗೂ ಸೂಜಿಮೊನೆಯಷ್ಟು ನಾಲ್ಕು ಚುಕ್ಕೆಗಳಿವೆ. ಅಕ್ಕ ಡಾಕ್ಟರಿಗೆ ಫೋನ್ ಮಾಡುತ್ತಾರೆ.

"ಮೇಡಂ, ಔಷಧಿ ನಾಟುತ್ತಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ."

"ಒಂದೇ ಮಾತಲ್ಲಿ ಹೇಳಕ್ಕೆ ಬರ್ತಿಲ್ಲ ಡಾಕ್ಟ್ರೇ. ಎರಡು ದಿನ ಕೊಡಿ."

"ಅಷ್ಟರಲ್ಲಿ ನಂಜು ಮೇಲಕ್ಕೇರಿದ್ರೆ?"

"ಅದೇ ನನಗೂ ಭಯ" ಎನ್ನುತ್ತಾರೆ ಅಕ್ಕ. ಜ್ವರ ಒಂದು ಗೆರೆ ಏರಿದರೂ ತಾನು ಕಾಯುವುದಿಲ್ಲ ಎಂದು ಹೇಳಿ ಡಾಕ್ಟರು ಒಪ್ಪುತ್ತಾರೆ.

ಚುಕ್ಕೆಗಳನ್ನು ಹೊಸ ತಟ್ಟೆಗೆ ಬಿತ್ತಿ ಅಕ್ಕ ಕಾಯುತ್ತಾರೆ. ಮೊದಲ ದಿನ ಏನೂ ಇಲ್ಲ. ತಾನು ಸುಮ್ಮನೆ ಒಬ್ಬರ ಜೀವದ ಜೊತೆ ಆಟವಾಡುತ್ತಿದ್ದೇನೆಯೇ ಎಂಬ ಅಳುಕಿಗೆ ಊಟ ಸೇರುವುದಿಲ್ಲ. ವಾರ್ಡಿಗೆ ನಾಲ್ಕು ಸಲ ಫೋನ್ ಮಾಡಿ ಜ್ವರ ಕೇಳುತ್ತಾರೆ. ಎರಡನೆಯ ಬೆಳಗ್ಗೆ ತಟ್ಟೆ ತುಂಬ ಸಣ್ಣ ಚುಕ್ಕೆಗಳು ಎದ್ದಿವೆ. ಧೂಳು ಬೆಳೆಯುವುದಿಲ್ಲ. ಅದೇ ರೋಗಾಣು ನಿಧಾನವಾಗಿ ಬೆಳೆಯುವ ವೇಷ ತೊಟ್ಟು, ಮೂಳೆಯೊಳಗೆ ಅಡಗಿ, ಔಷಧಿಗೂ ಒಂದು ದಿನದ ಪರೀಕ್ಷೆಗೂ ಚಳ್ಳೆಹಣ್ಣು ತಿನ್ನಿಸುತ್ತಿತ್ತು. ಡಾಕ್ಟರು ಕೆಟ್ಟ ಮೂಳೆಯನ್ನಷ್ಟೇ ಕೆರೆದು ತೆಗೆದು, ಎರಡು ಬೇರೆ ಔಷಧಿಗಳನ್ನು ಒಟ್ಟಿಗೆ ಶುರು ಮಾಡುತ್ತಾರೆ.

ಮೂರು ತಿಂಗಳ ನಂತರದ ಇನ್ನೊಂದು ಬೆಳಗು. ಪ್ರಯೋಗಾಲಯದ ಕಿಟಕಿಯಲ್ಲಿ ಒಬ್ಬಾತ ಚೀಟಿ ಹಿಡಿದು, "ಅಕ್ಕಾ, ರಕ್ತ ಕೊಡೋದು ಎಲ್ಲಿ?" ಎಂದು ಕೇಳುತ್ತಾನೆ. ಚೀಟಿಯಲ್ಲಿರುವುದು ಟೈಲರ್‌ನ ತಟ್ಟೆಯ ಮೇಲಿದ್ದ ನಂಬರೇ, ಅಕ್ಕನಿಗೆ ಅದು ಬಾಯಿಪಾಠ. ಕಿಟಕಿಯಿಂದ ಬಗ್ಗಿ ನೆಲ ನೋಡುತ್ತಾರೆ. "ಎಡಗಡೆ ಮೂರನೇ ಬಾಗಿಲು" ಎಂದಷ್ಟೇ ಹೇಳುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ, "ಗೊಂದಲದ ತಟ್ಟೆಗಳಿಗೆ ಇನ್ನೊಂದು ಗೂಡು ಕೊಟ್ರೆ ಸಾಕು" ಎನ್ನುತ್ತಾರೆ. ಆ ಕಾಲು ಉಳಿದದ್ದು ನಿಮ್ಮಿಂದಲೇ ಅಲ್ಲವೇ ಎಂದರೆ ಮತ್ತೆ ಕನ್ನಡಕ ಹಣೆಗೇರುತ್ತದೆ.

"ನನ್ನಿಂದ್ಲೋ, ಔಷಧಿಯಿಂದ್ಲೋ, ಡಾಕ್ಟ್ರಿಂದ್ಲೋ, ಸರಿಯಾಗಿ ಗೊತ್ತಿಲ್ಲ. ಆದ್ರೆ ಅವ್ರ ಎರಡು ಚಪ್ಪಲಿಗೂ ಒಂದೇ ಸಮ ಮಣ್ಣು ಮೆತ್ತಿತ್ತು. ಅದನ್ನ ಮಾತ್ರ ಸರಿಯಾಗಿ ನೋಡಿದೀನಿ."